ಗರ್ಭನಿರೋಧಕ ಮಾತ್ರೆ: ಕೈಗೆ ಕೊಡುವ ಮುನ್ನ ನಾಲ್ಕು ಮಾತು ಕೇಳಿ

ಮಾನ್ಯ ಸಂಪಾದಕರೇ,

ಶ್ರಾವಣ ಹತ್ತಿರವಾದಂತೆ ಮೆಡಿಕಲ್ ಶಾಪ್‌ಗಳಲ್ಲಿ ಮುಟ್ಟು ಮುಂದೂಡುವ ಮಾತ್ರೆ ಕೇಳಿಕೊಂಡು ಬರುವವರು ಹೆಚ್ಚುತ್ತಾರೆಂಬುದು ಔಷಧ ವಿತರಣೆಯಲ್ಲಿ ಕೆಲಸ ಮಾಡಿದ ಯಾರಿಗೂ ಹೊಸ ಸಂಗತಿಯಲ್ಲ. ವರಮಹಾಲಕ್ಷ್ಮಿ ವ್ರತ, ಗೃಹಪ್ರವೇಶ, ತಿರುಪತಿ ಯಾತ್ರೆ ಎಂದು ಕಾರಣ ಹೇಳುವವರಿದ್ದಾರೆ. ಏನೂ ಹೇಳದೆ ಹಳೆಯ ಖಾಲಿ ಸ್ಟ್ರಿಪ್ಪನ್ನು ಗಾಜಿನ ಮೇಲಿಟ್ಟು ‘ಇದೇ ಕೊಡಿ’ ಎನ್ನುವವರೂ ಇದ್ದಾರೆ. ಅದೇ ಅಂಗಡಿಯಲ್ಲಿ ಹೊಸದಾಗಿ ಮದುವೆಯಾದವರು ಗರ್ಭನಿರೋಧಕ ಮಾತ್ರೆ ಕೊಳ್ಳುತ್ತಾರೆ, ಕಾಲೇಜಿಗೆ ಹೋಗುವ ಹುಡುಗಿಯರು ಮೊಡವೆಗೋ ಪಿಸಿಒಡಿಗೋ (ಅಂಡಾಶಯದ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎಂದೋ ಬರೆಸಿಕೊಂಡ ಮಾತ್ರೆಯನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಕೊಳ್ಳುವವರ ಮನಸ್ಸಿನಲ್ಲಿ ಇವು ಮೂರು ಬೇರೆ ಬೇರೆ ಔಷಧಗಳು. ದೇಹದೊಳಗೆ ಹೋದ ಮೇಲೆ ಇವು ಮಾಡುವ ಕೆಲಸದಲ್ಲಿ ಮಾತ್ರ ಬಹಳ ಹೋಲಿಕೆಯಿದೆ, ಅಪಾಯದಲ್ಲಿಯೂ ಇದೆ. ಸರ್ಕಾರಿ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತಳಾದ ನಾನು ಈ ಪತ್ರ ಬರೆಯುತ್ತಿರುವುದು ಗರ್ಭನಿರೋಧಕ ಮಾತ್ರೆಯ ವಿರುದ್ಧವಲ್ಲ. ಕೊಡುವ ಮುನ್ನ ಕೇಳಲೇಬೇಕಾದ ಕೆಲವು ಪ್ರಶ್ನೆಗಳನ್ನು ನಮ್ಮಲ್ಲಿ ವೈದ್ಯರೂ ಕೇಳುವುದು ಕಡಿಮೆ, ಅಂಗಡಿಯವರು ಕೇಳುವುದೇ ಇಲ್ಲ ಎಂಬುದು ನನ್ನ ದೂರು.

ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್ ಮತ್ತು ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಮಾಲಾ-ಡಿ ಎರಡರಲ್ಲೂ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಈಸ್ಟ್ರಡಯಾಲ್ ಇರುತ್ತವೆ. ಮೊದಲನೆಯದು ಪ್ರೊಜೆಸ್ಟಿನ್ ಜಾತಿಯ ಹಾರ್ಮೋನು, ಎರಡನೆಯದು ಈಸ್ಟ್ರೋಜೆನ್. 28 ಮಾತ್ರೆಗಳ ಪೈಕಿ 21ರಲ್ಲಿ ಮಾತ್ರ ಹಾರ್ಮೋನು, ಉಳಿದ 7 ಕಬ್ಬಿಣಾಂಶದವು. ಈ ಎರಡು ಹಾರ್ಮೋನುಗಳು ಸೇರಿ ಅಂಡ ಬಿಡುಗಡೆಯಾಗುವುದನ್ನು ತಡೆಯುತ್ತವೆ. ದಿನವೂ ತಪ್ಪದೆ ನುಂಗಿದರೆ ಇಷ್ಟು ನಂಬಬಹುದಾದ ತಾತ್ಕಾಲಿಕ ವಿಧಾನಗಳು ಕೆಲವೇ. ಮುಟ್ಟಿನ ರಕ್ತಸ್ರಾವ ಮತ್ತು ನೋವು ತಗ್ಗುತ್ತವೆ, ಅಂಡಾಶಯದ ಹಾಗೂ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಾಧ್ಯತೆ ಕಡಿಮೆಯಾಗುತ್ತದೆ. ರಕ್ತಹೀನತೆ ಮನೆಮನೆಯಲ್ಲೂ ಇರುವ ನಾಡಿನಲ್ಲಿ ಸ್ರಾವ ತಗ್ಗುವುದು ಸಣ್ಣ ಲಾಭವಲ್ಲ. ಮಾತ್ರೆ ನುಂಗಿದರೆ ಮುಂದೆ ಮಕ್ಕಳೇ ಆಗುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಆದರೂ ಹಳ್ಳಿಗಳಲ್ಲಿ ಅತ್ತೆಯಂದಿರು ಮಾತ್ರೆ ಬೇಡವೆನ್ನಲು ಮುಂದಿಡುವ ಮೊದಲ ಕಾರಣ ಇದೇ ಆಗಿರುತ್ತದೆ. ನಿಜವಾಗಿ ಯೋಚಿಸಬೇಕಾದ ಅಪಾಯದ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಆ ಅಪಾಯವೆಂದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು. ಈಸ್ಟ್ರೋಜೆನ್ ಇರುವ ಮಾತ್ರೆ ನುಂಗಿದಾಗ ಯಕೃತ್ತು ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಾಗಿ ತಯಾರಿಸುತ್ತದೆ, ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನುಗಳು ಕಡಿಮೆಯಾಗುತ್ತವೆ. ಹೆಚ್ಚಿನವರಲ್ಲಿ ಇದರಿಂದ ಏನೂ ಆಗುವುದಿಲ್ಲ. ಕೆಲವರಲ್ಲಿ ಕಾಲಿನ ಒಳ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿ ಮೀನಖಂಡ ಊದುತ್ತದೆ. ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಉಸಿರಿಗೇ ಕುತ್ತು. ಮಿದುಳಿನ ಅಥವಾ ಹೃದಯದ ರಕ್ತನಾಳ ಕಟ್ಟಿಕೊಂಡು ಪಾರ್ಶ್ವವಾಯು, ಹೃದಯಾಘಾತ ಆಗುವುದು ಇನ್ನೂ ವಿರಳ, ಆದರೆ ಸಿಗರೇಟು ಸೇದುವವರಲ್ಲಿ ಮತ್ತು ಬಿಪಿ ಇರುವವರಲ್ಲಿ ಅದರ ಸಾಧ್ಯತೆ ಬೆಳೆಯುತ್ತದೆ.

ಇಲ್ಲಿ ಅಂಕಿಗಳನ್ನು ಸರಿಯಾಗಿ ಓದಬೇಕು. ಐರೋಪ್ಯ ಔಷಧ ಸಂಸ್ಥೆ 2013ರಲ್ಲಿ ನಡೆಸಿದ ಪರಿಶೀಲನೆಯ ಪ್ರಕಾರ, ಮಾತ್ರೆ ನುಂಗದ, ಗರ್ಭಿಣಿಯರೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಅಭಿಧಮನಿಯಲ್ಲಿ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಜೊತೆಗೆ ಈಸ್ಟ್ರೋಜೆನ್ ಕೂಡ ಇರುವ ಸಂಯುಕ್ತ ಮಾತ್ರೆ ನುಂಗುವವರಲ್ಲಿ ಈ ಸಂಖ್ಯೆ 5ರಿಂದ 7. ಡ್ರೊಸ್ಪೈರಿನೋನ್, ಡೆಸೊಜೆಸ್ಟ್ರೆಲ್, ಜೆಸ್ಟೊಡೀನ್ ಎಂಬ ಹೊಸ ಪ್ರೊಜೆಸ್ಟಿನ್ ಇರುವವುಗಳಲ್ಲಿ 9ರಿಂದ 12. ಗರ್ಭಿಣಿಯರಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಮಾತ್ರೆ ನುಂಗುವವರಿಗಿಂತ ಹೆಚ್ಚು, ಹೆರಿಗೆಯ ನಂತರದ ವಾರಗಳಲ್ಲಿ ಬಹಳವೇ ಹೆಚ್ಚು. ಹಾಗಾಗಿ ಹೆದರಿ ಮಾತ್ರೆ ಬಿಟ್ಟು ಬೇಡದ ಗರ್ಭ ಧರಿಸಿದರೆ ಅದೇ ಅಪಾಯ ಇನ್ನಷ್ಟು ಬೆಳೆದು ಎದುರಾಗುತ್ತದೆ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಡೆಸೊಜೆಸ್ಟ್ರೆಲ್ ಮತ್ತು ಜೆಸ್ಟೊಡೀನ್ ಇರುವ ಮಾತ್ರೆಗಳಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಹಳೆಯ ಮಾತ್ರೆಗಳಿಗೆ ಹೋಲಿಸಿದರೆ ಸುಮಾರು ಎರಡು ಪಟ್ಟು ಎಂದು ವೈದ್ಯರಿಗೆ ಎಚ್ಚರಿಕೆ ಕಳುಹಿಸಿತು. ಜನರ ಕಿವಿಗೆ ಬಿದ್ದದ್ದು ‘ಎರಡು ಪಟ್ಟು’ ಎಂಬ ಮಾತೊಂದೇ. ಯಾವುದರ ಎರಡು ಪಟ್ಟು, ಹತ್ತು ಸಾವಿರಕ್ಕೆ ಎಷ್ಟು ಎಂಬುದು ಯಾರಿಗೂ ತಲುಪಲಿಲ್ಲ. ಎಷ್ಟೋ ಮಂದಿ ಅರ್ಧ ಸ್ಟ್ರಿಪ್ಪಿಗೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗರ್ಭಪಾತಗಳು ಸಾವಿರಗಟ್ಟಲೆ ಹೆಚ್ಚಿದವು. ಈ ಪತ್ರಕ್ಕೆ ತಾವು ಶೀರ್ಷಿಕೆ ಬದಲಿಸುವುದಾದರೆ ಇದನ್ನು ಗಮನದಲ್ಲಿಡಬೇಕೆಂದು ವಿನಂತಿ.

ಎಲ್ಲ ಮಾತ್ರೆಗಳೂ ಒಂದೇ ಅಲ್ಲವೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ. ಹೊಸದು, ದುಬಾರಿಯಾದದ್ದು ಹೆಚ್ಚು ಸುರಕ್ಷಿತ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಹೆಪ್ಪುಗಟ್ಟುವ ವಿಷಯಕ್ಕೆ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಹಳೆಯ ಮಾಲಾ-ಎನ್ ಅಂಗಡಿ ಕಪಾಟಿನ ಹಲವು ದುಬಾರಿ ಬ್ರ್ಯಾಂಡುಗಳಿಗಿಂತ ಮೇಲು. ಹೊಸ ಮಾತ್ರೆಗಳಿಗೂ ಅವುಗಳದೇ ಸ್ಥಾನವಿದೆ, ಮೊಡವೆ ಹೆಚ್ಚಿರುವವರಿಗೆ ಅವು ಒಗ್ಗಬಹುದು. ಆದರೆ ಯಾಕೆ ಅದನ್ನೇ ಆರಿಸಿದ್ದು ಎಂಬುದನ್ನು ಬರೆದವರು ಆ ಹೆಣ್ಣುಮಗಳಿಗೆ ಹೇಳಬೇಕು. ಸೈಪ್ರೊಟೆರೋನ್ ಮತ್ತು ಎಥಿನೈಲ್ ಈಸ್ಟ್ರಡಯಾಲ್ ಸೇರಿದ ಮಾತ್ರೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮೂಲದಲ್ಲಿ ಅದು ತೀವ್ರ ಮೊಡವೆಗೆ, ಮುಖದ ಮೇಲಿನ ಅತಿಯಾದ ಕೂದಲಿಗೆ ಬಂದ ಔಷಧ. ಫ್ರಾನ್ಸಿನಲ್ಲಿ ಅದನ್ನು ಗರ್ಭನಿರೋಧಕವಾಗಿ ವ್ಯಾಪಕವಾಗಿ ಬರೆಯುತ್ತಿದ್ದರು. ಕಾಲು ಶತಮಾನದಲ್ಲಿ ಅದಕ್ಕೆ ಸಂಬಂಧಿಸಿದ ನಾಲ್ಕು ಸಾವುಗಳನ್ನು ಮುಂದಿಟ್ಟು ಅಲ್ಲಿನ ಔಷಧ ನಿಯಂತ್ರಕರು 2013ರಲ್ಲಿ ಮಾರಾಟಕ್ಕೆ ತಡೆ ಒಡ್ಡಿದರು. ಐರೋಪ್ಯ ಸಂಸ್ಥೆ ಮರುಪರಿಶೀಲಿಸಿ, ಹಚ್ಚುವ ಮದ್ದು ಮತ್ತು ಆ್ಯಂಟಿಬಯೋಟಿಕ್ ಫಲ ಕೊಡದ ಮೊಡವೆಗೆ, ಅತಿಯಾದ ಕೂದಲಿಗೆ ಮಾತ್ರ ಬಳಸಬೇಕು, ಬೇರೆ ಹಾರ್ಮೋನು ಗರ್ಭನಿರೋಧಕದ ಜೊತೆ ಕೊಡಬಾರದು ಎಂಬ ಕಟ್ಟುಪಾಡಿನೊಂದಿಗೆ ಉಳಿಸಿತು. ನಮ್ಮಲ್ಲಿ ಪಿಸಿಒಡಿ ಎಂದೊಡನೆ ಈ ಮಾತ್ರೆ ಬರೆಯುವ ರೂಢಿಯಿದೆ. ಪಿಸಿಒಡಿ ಇರುವ ಹುಡುಗಿಯರಲ್ಲಿ ಅನೇಕರಿಗೆ ತೂಕ ಹೆಚ್ಚು, ಕೆಲವರಿಗೆ ಬಿಪಿ, ಸಕ್ಕರೆ ಅಂಶವೂ ಏರಿರುತ್ತದೆ. ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುವ ಸಂಗತಿಗಳಲ್ಲಿ ತೂಕವೂ ಒಂದು. ಮೂರು ತಿಂಗಳಿಗೆಂದು ಬರೆದ ಚೀಟಿಯನ್ನು ಮೂರು ವರ್ಷ ತೋರಿಸಿ ಮಾತ್ರೆ ತೆಗೆದುಕೊಂಡು ಹೋಗುವವರನ್ನು ತಡೆಯುವವರು ಯಾರೂ ಇಲ್ಲ.

ಹಾಗಾದರೆ ಕೇಳಬೇಕಾದ್ದು ಏನು? ವಿಶ್ವ ಆರೋಗ್ಯ ಸಂಸ್ಥೆ ಯಾವ ಸ್ಥಿತಿಯಲ್ಲಿ ಯಾವ ಗರ್ಭನಿರೋಧಕ ಸಲ್ಲುತ್ತದೆಂಬುದನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸಿಟ್ಟಿದೆ. ಒಂದು ಎಂದರೆ ನಿಶ್ಚಿಂತೆಯಿಂದ ಕೊಡಬಹುದು, ನಾಲ್ಕು ಎಂದರೆ ಕೊಡಲೇಬಾರದು. ಅದರಲ್ಲಿರುವ ಬಹುಪಾಲು ಸಂಗತಿಗಳು ಬಾಯಿ ಮಾತಿನಲ್ಲಿ ತಿಳಿಯುವಂಥವು. ಯೋನಿ ಪರೀಕ್ಷೆಯಾಗಲಿ ದುಬಾರಿ ರಕ್ತಪರೀಕ್ಷೆಗಳಾಗಲಿ ಆರೋಗ್ಯವಂತೆಗೆ ಅಗತ್ಯವಿಲ್ಲ. ಅಳೆದು ನೋಡಬೇಕಾದ್ದು ಬಿಪಿ ಒಂದೇ. ಅದು 140/90 ದಾಟಿದ್ದರೆ ಈಸ್ಟ್ರೋಜೆನ್ ಇರುವ ಮಾತ್ರೆ ಸಾಮಾನ್ಯವಾಗಿ ಬೇಡ, 160/100 ಮುಟ್ಟಿದರೆ ಖಂಡಿತ ಬೇಡ. ಹಿಂದೆ ಎಂದಾದರೂ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ್ದುಂಟೇ, ಹತ್ತಿರದ ರಕ್ತಸಂಬಂಧಿಗಳಿಗೆ ಆಗಿತ್ತೇ, ಪಾರ್ಶ್ವವಾಯು, ಹೃದಯದ ಕಾಯಿಲೆ, ಸ್ತನ ಕ್ಯಾನ್ಸರ್, ತೀವ್ರ ಯಕೃತ್ತಿನ ಕಾಯಿಲೆ ಇದೆಯೇ, ವಯಸ್ಸು 35 ದಾಟಿದ್ದು ಬೀಡಿ ಸಿಗರೇಟಿನ ಅಭ್ಯಾಸವಿದೆಯೇ, ಹೆಚ್ಚು ದಿನ ಮಲಗಿರಬೇಕಾದ ದೊಡ್ಡ ಶಸ್ತ್ರಚಿಕಿತ್ಸೆ ಮುಂದಿದೆಯೇ ಎಂದು ಕೇಳುವುದಕ್ಕೆ ಐದು ನಿಮಿಷ ಹಿಡಿಯದು.

ಇವುಗಳಲ್ಲಿ ನಮ್ಮವರು ಎಡವುವ ಜಾಗಗಳು ಮೂರು. ಒಂದು ತಲೆನೋವು. ಅರೆತಲೆನೋವು ಶುರುವಾಗುವ ಮುನ್ನ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ, ಅರ್ಧ ನೋಟ ಮಸುಕಾಗುವುದು, ಕೈ ಅಥವಾ ತುಟಿ ಜೋಮು ಹಿಡಿಯುವುದು ಇದ್ದರೆ ಅಂಥವರಿಗೆ ಪಾರ್ಶ್ವವಾಯುವಿನ ಭಯದಿಂದ ಈ ಮಾತ್ರೆ ಯಾವ ವಯಸ್ಸಿನಲ್ಲೂ ಸಲ್ಲದು. ‘ತಲೆನೋವು ಇದೆಯಾ’ ಎಂದಷ್ಟೇ ಕೇಳಿದರೆ ‘ಎಲ್ಲರಿಗೂ ಇರೋದೇ ಬಿಡಿ’ ಎಂಬ ಉತ್ತರ ಬರುತ್ತದೆ. ಕಣ್ಣಿನ ಮಿಂಚಿನ ಬಗ್ಗೆ ಬಿಡಿಸಿ ಕೇಳಿದಾಗಲೇ ಸತ್ಯ ಹೊರಬೀಳುವುದು. ಎರಡನೆಯದು ಬಾಣಂತನ. ಹಾಲೂಡಿಸುವ ತಾಯಿಗೆ ಮೊದಲ ಆರು ವಾರ ಈಸ್ಟ್ರೋಜೆನ್ ಮಾತ್ರೆ ಕೊಡಲೇಬಾರದು, ಆರು ತಿಂಗಳವರೆಗೆ ಬೇರೆ ದಾರಿಯಿದ್ದರೆ ಅದನ್ನೇ ನೋಡಬೇಕು. ತವರಿನಲ್ಲಿ ಬಾಣಂತನ ಮುಗಿಸಿ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಗಂಡನ ಮನೆಗೆ ಹೊರಟವಳ ಚೀಲದಲ್ಲಿ ಮಾಲಾ-ಡಿ ಇಟ್ಟು ಕಳುಹಿಸುವುದು ನಮ್ಮ ಕಡೆ ಇದೆ. ಅವಳಿಗೆ ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಸಿಗುತ್ತವೆ. ಛಾಯಾ ನಮ್ಮದೇ ದೇಶದ ಶೋಧ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು ‘ಸಹೇಲಿ’ ಎಂಬ ಹೆಸರಿನಲ್ಲಿ ಮೊದಲು ಮಾರುಕಟ್ಟೆಗೆ ಬಂದ, ಈಸ್ಟ್ರೋಜೆನ್ ಇಲ್ಲದ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಪಿಸಿಒಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಅದೂ ಆಗದು ಎನ್ನುವುದು ಬೇರೆ ಮಾತು.

ಮೂರನೆಯದು ಬೇರೆ ಔಷಧಗಳ ಜೊತೆಗಿನ ಜಗಳ. ಕ್ಷಯದ ಚಿಕಿತ್ಸೆಯಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಹಾರ್ಮೋನುಗಳನ್ನು ಬೇಗನೆ ಕರಗಿಸಿಬಿಡುತ್ತದೆ. ಮಾತ್ರೆ ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್ ಕೂಡ ಹೀಗೆಯೇ. ಲ್ಯಾಮೊಟ್ರಿಜಿನ್‌ನದು ತಿರುಗುಮುರುಗು: ಗರ್ಭನಿರೋಧಕ ಮಾತ್ರೆಯೇ ಅದರ ಪ್ರಮಾಣವನ್ನು ರಕ್ತದಲ್ಲಿ ಇಳಿಸಿ ಫಿಟ್ಸ್ ಮರಳುವಂತೆ ಮಾಡಬಲ್ಲದು. ಕ್ಷಯದ ಔಷಧಿಯೂ ಮಾಲಾ-ಎನ್ನೂ ಒಂದೇ ಕಿಟಕಿಯಿಂದ ಒಬ್ಬಳದೇ ಕೈಗೆ ಹೋಗುವ ಆಸ್ಪತ್ರೆಗಳಲ್ಲಿ, ಎರಡು ಬೇರೆ ರಿಜಿಸ್ಟರುಗಳಲ್ಲಿ ಎರಡು ಬೇರೆ ಸಹಿ ಬೀಳುತ್ತವೆಯೇ ಹೊರತು ಒಂದನ್ನು ಬರೆಯುವವರು ಇನ್ನೊಂದನ್ನು ನೋಡುವ ವ್ಯವಸ್ಥೆ ನಾನಿದ್ದ ಕಾಲದಲ್ಲಂತೂ ಇರಲಿಲ್ಲ.

ಮುಟ್ಟು ಮುಂದೂಡುವ ಮಾತ್ರೆಗೆ ಮರಳುತ್ತೇನೆ. ಸಾಮಾನ್ಯವಾಗಿ ಕೊಡುವುದು ನಾರೆತಿಸ್ಟಿರೋನ್, 5 ಮಿಲಿಗ್ರಾಮಿನ ಮಾತ್ರೆ ದಿನಕ್ಕೆ ಮೂರು. ಇದರಲ್ಲಿ ಈಸ್ಟ್ರೋಜೆನ್ ಇಲ್ಲವಲ್ಲ, ಭಯವೇಕೆ ಎಂದು ಔಷಧ ತಿಳಿದವರೂ ಕೇಳುತ್ತಾರೆ. ಈ ಪ್ರಮಾಣದಲ್ಲಿ ನುಂಗಿದಾಗ ನಾರೆತಿಸ್ಟಿರೋನಿನ ಒಂದು ಸಣ್ಣ ಭಾಗ ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಆಗಿ ಮಾರ್ಪಡುತ್ತದೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ ನುಂಗುವುದು ಹೆಚ್ಚುಕಡಿಮೆ 20ರಿಂದ 30 ಮೈಕ್ರೊಗ್ರಾಂ ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಿದ್ದಕ್ಕೆ ಸಮವೆಂದು ಲೆಕ್ಕ ಹಾಕಲಾಗಿದೆ. ಅಂದರೆ ಹಬ್ಬಕ್ಕೆಂದು ನುಂಗುವ ಮಾತ್ರೆಗೂ ಅದೇ ಪ್ರಶ್ನೆಗಳನ್ನು ಕೇಳಬೇಕು. ಇಷ್ಟಾದರೂ ಅದು ಗರ್ಭ ತಡೆಯುತ್ತದೆಂದು ಯಾರೂ ನಂಬಿಕೊಳ್ಳಬಾರದು, ಆ ಕೆಲಸಕ್ಕೆ ಅದನ್ನು ಕೊಡುವುದಿಲ್ಲ. ಹತ್ತು ದಿನ ಈ ಮಾತ್ರೆ ನುಂಗಿ, ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಇಳಿಬಿಟ್ಟು ಕುಳಿತು, ನೀರು ಕಡಿಮೆ ಕುಡಿದು ಯಾತ್ರೆಗೆ ಹೋಗುವ ನಲವತ್ತರ ಆಸುಪಾಸಿನ, ಬಿಪಿ ಇದೆಯೆಂದೇ ತಿಳಿಯದ ಗೃಹಿಣಿಯನ್ನು ನೆನೆಸಿಕೊಳ್ಳಿ; ಇಂಥವರ ಮನೆಯಿಂದ ಮಾತ್ರೆ ಕೊಳ್ಳಲು ಅಂಗಡಿಗೆ ಬರುವುದು ಅವರ ಯಜಮಾನರೋ ಮಗನೋ. ಬಂದವರನ್ನು ಏನು ಕೇಳಿದರೂ ಉತ್ತರ ಸಿಗುವುದಿಲ್ಲ. ಮುಟ್ಟಾದವಳು ದೇವರ ಕೋಣೆಗೆ ಬರಬಾರದೆಂಬುದರ ಬಗ್ಗೆ ನನ್ನ ಅಭಿಪ್ರಾಯ ಬೇರೆಯೇ ಇದೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ತುರ್ತು ಗರ್ಭನಿರೋಧಕ ಮಾತ್ರೆಯನ್ನು ಇವುಗಳ ಸಾಲಿಗೆ ಸೇರಿಸಬಾರದು. ಅದರಲ್ಲಿ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಮಾತ್ರ ಇದ್ದು, 72 ಗಂಟೆಯೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ಅದು ಚೀಟಿಯಿಲ್ಲದೆ ಸಿಗುವುದು ಸರಿಯಾಗಿಯೇ ಇದೆ. ತಿಂಗಳಿಗೆ ನಾಲ್ಕೈದು ಸಲ ಅದನ್ನೇ ನುಂಗುವವರು ಮುಟ್ಟಿನ ಲೆಕ್ಕ ತಪ್ಪಿಸಿಕೊಂಡು ಪೇಚಾಡುತ್ತಾರೆ, ಗರ್ಭವೂ ನಿಲ್ಲಬಹುದು. ಅವರಿಗೆ ಬೇಕಿರುವುದು ದಿನನಿತ್ಯದ ವಿಧಾನವೊಂದು.

ಇದನ್ನೆಲ್ಲ ಓದಿ ‘ಹಾಗಾದರೆ ಎಲ್ಲ ಗರ್ಭನಿರೋಧಕ ಮಾತ್ರೆಗೂ ವೈದ್ಯರ ಚೀಟಿ ಕಡ್ಡಾಯ ಮಾಡಿ’ ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕಾದ ಹೆಂಗಸು ಅಲ್ಲಿಗೇ ಕೈಬಿಡುತ್ತಾಳೆ. ಮಾಲಾ-ಎನ್ ಅನ್ನು ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಲುಪಿಸುವ ಯೋಜನೆ 2011ರಿಂದ ಇದೆ, ಅದು ಇರಬೇಕು. ಆಶಾಗೆ ಬಿಪಿ ಯಂತ್ರವನ್ನೂ ಕನ್ನಡದಲ್ಲಿ ಅಚ್ಚಾದ ಹತ್ತು ಪ್ರಶ್ನೆಗಳ ಕಾರ್ಡನ್ನೂ ಕೊಡಿ. ಒಂದಕ್ಕೆ ‘ಹೌದು’ ಎಂದರೂ ಉಪಕೇಂದ್ರಕ್ಕೆ ಕಳುಹಿಸಲಿ. ಆ ಕಾರ್ಡಿನ ಪ್ರತಿ ತಾಯಿ ಕಾರ್ಡಿನ ಜೊತೆ ಹೆರಿಗೆಯಾದವರಿಗೂ ತಲುಪಲಿ. ಅಂಗಡಿಗಳ ವಿಷಯದಲ್ಲಿ ಔಷಧ ನಿಯಂತ್ರಣ ಇಲಾಖೆ ಹೊಸ ಕಾನೂನು ಮಾಡಬೇಕಿಲ್ಲ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕೆಂದು ಪೊಟ್ಟಣದ ಮೇಲೆಯೇ ಅಚ್ಚಾಗಿರುವ ಹಾರ್ಮೋನು ಮಾತ್ರೆಗಳನ್ನು ಚೀಟಿ ನೋಡಿಯೇ ಮಾರುವಂತೆ, ಮಾರುವಾಗ ನೋಂದಾಯಿತ ಫಾರ್ಮಸಿಸ್ಟ್ ಅಂಗಡಿಯಲ್ಲಿ ಇರುವಂತೆ ನೋಡಿಕೊಂಡರೆ ಸಾಕು. ಫಾರ್ಮಸಿಸ್ಟರ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದು ಅವರು ಊರಲ್ಲೇ ಇಲ್ಲದ ಅಂಗಡಿಗಳನ್ನು ಎಲ್ಲರೂ ಬಲ್ಲರು.

ಪೊಟ್ಟಣದೊಳಗಿನ ಕಾಗದದ ಬಗ್ಗೆಯೂ ಒಂದು ಮಾತು. 1970ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಗರ್ಭನಿರೋಧಕ ಮಾತ್ರೆಯ ಸುರಕ್ಷತೆಯ ವಿಚಾರಣೆ ನಡೆಸಿದಾಗ, ಮಾತ್ರೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಕರೆದಿಲ್ಲವೆಂದು ಯುವತಿಯರು ಸಭಾಂಗಣದಲ್ಲೇ ಎದ್ದು ಪ್ರಶ್ನಿಸಿದರು. ಆ ಗದ್ದಲದ ಫಲವಾಗಿ ಅಪಾಯಗಳನ್ನು ಬಳಸುವವರಿಗೇ ತಿಳಿಸುವ ಚೀಟಿಯನ್ನು ಪ್ರತಿ ಪೊಟ್ಟಣದಲ್ಲಿಡುವುದು ಅಲ್ಲಿ ಕಡ್ಡಾಯವಾಯಿತು. ನಮ್ಮಲ್ಲಿ ಖಾಸಗಿ ಬ್ರ್ಯಾಂಡುಗಳ ಪೊಟ್ಟಣದಲ್ಲಿರುವ ಚೀಟಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ, ವೈದ್ಯರನ್ನು ಉದ್ದೇಶಿಸಿ ಇರುತ್ತದೆ. 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿ ಜಗತ್ತಿಗೇ ಮೊದಲಿಗವೆನಿಸಿಕೊಂಡ ಮೈಸೂರು ಸಂಸ್ಥಾನದ ನೆಲದಲ್ಲಿ ಒಂದು ಪುಟದ ಕನ್ನಡ ಚೀಟಿ ಅಚ್ಚು ಹಾಕಿಸುವುದು ಆರೋಗ್ಯ ಇಲಾಖೆಗೆ ಭಾರವಾಗಲಾರದು. ಹೆಣ್ಣುಮಕ್ಕಳ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿಕೊಂಡ ನಮ್ಮ ಕುಟುಂಬ ಯೋಜನೆಯಲ್ಲಿ ಮಾತ್ರೆ ಬಳಸುವವರು ಕಡಿಮೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಮಹಿಳೆಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 37.9, ಮಾತ್ರೆ ಬಳಸುವವರು ಶೇ 5.1, ಕಡಿಮೆಯೆಂಬ ಕಾರಣಕ್ಕೇ ಇದರ ಬಗ್ಗೆ ಸಿಬ್ಬಂದಿಗೆ ತರಬೇತಿಯೂ ಕಡಿಮೆಯಾಗಿದೆ ಎಂಬುದು ನನ್ನ ಅನುಮಾನ.

ಈಗ ಮಾತ್ರೆ ನುಂಗುತ್ತಿರುವವರು ಈ ಪತ್ರ ಓದಿ ನಾಳೆಯೇ ನಿಲ್ಲಿಸಬಾರದು. ಮೊದಲು ಬಿಪಿ ನೋಡಿಸಿಕೊಳ್ಳಲಿ. ಹೆಪ್ಪುಗಟ್ಟುವ ಅಪಾಯ ಮೊದಲ ವರ್ಷದಲ್ಲಿ, ಅದರಲ್ಲೂ ಆರಂಭದ ತಿಂಗಳುಗಳಲ್ಲಿ ಹೆಚ್ಚು. ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಬಿಟ್ಟು ಮತ್ತೆ ಶುರು ಮಾಡಿದರೆ ಆ ಅಪಾಯವೂ ಮರಳುತ್ತದೆ. ಆದ್ದರಿಂದ ನಡುನಡುವೆ ‘ದೇಹಕ್ಕೆ ವಿರಾಮ’ ಎಂದು ಬಿಟ್ಟು ಹಿಡಿಯುವುದರಿಂದ ಪ್ರಯೋಜನವಿಲ್ಲ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಹಿಂದೆಂದೂ ಬಾರದಂಥ ತಲೆನೋವು, ನೋಟ ಮಸುಕಾಗುವುದು, ಮಾತು ತೊದಲುವುದು, ತೀವ್ರ ಹೊಟ್ಟೆನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಹೋದಾಗ ಮಾತ್ರೆಯ ಹೆಸರು ಹೇಳಬೇಕು. ಹೇಳದಿರುವುದೇ ಹೆಚ್ಚು. ‘ಏನಾದರೂ ಮಾತ್ರೆ ತಗೋತೀರಾ ಅಮ್ಮ’ ಎಂದು ಕೇಳಿದರೆ ಅತ್ತೆ ಪಕ್ಕದಲ್ಲಿ ನಿಂತಿರುತ್ತಾರೆಂದು ‘ಇಲ್ಲ’ ಎನ್ನುತ್ತಾರೆ, ಪಿಸಿಒಡಿಗೆ ನುಂಗುವುದನ್ನೂ ಹಬ್ಬಕ್ಕೆ ನುಂಗಿದ್ದನ್ನೂ ಔಷಧವೆಂದೇ ಎಣಿಸುವುದಿಲ್ಲ. ಆದ್ದರಿಂದ ತುರ್ತು ವಿಭಾಗದ ವೈದ್ಯರು ಆಕೆಯನ್ನು ಒಂಟಿಯಾಗಿ, ಮುಟ್ಟು ಮುಂದೂಡಲು, ಮೊಡವೆಗೆ, ಮಕ್ಕಳಾಗದಿರಲು ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ಮಾತ್ರೆಯಿಂದ ತೊಂದರೆಯಾಯಿತೆಂದು ಅನುಮಾನವಿದ್ದರೆ ಭಾರತೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ವೈದ್ಯರಷ್ಟೇ ಅಲ್ಲ, ರೋಗಿಗಳು ಮತ್ತು ಮನೆಯವರೂ ವರದಿ ಮಾಡಬಹುದು. ಅದಕ್ಕಾಗಿ ಖಾಲಿ ಸ್ಟ್ರಿಪ್ಪನ್ನು ಎಸೆಯದೆ ಇಟ್ಟುಕೊಂಡಿರಬೇಕು. ಬ್ರ್ಯಾಂಡಿನ ಹೆಸರೂ ಬ್ಯಾಚ್ ಸಂಖ್ಯೆಯೂ ಅದರ ಮೇಲೆಯೇ ಇರುತ್ತವೆ.

ಇಂತಿ,
ನಿವೃತ್ತ ಫಾರ್ಮಸಿ ಅಧಿಕಾರಿ,
ತಿಪಟೂರು